ಸಾಧನ ಕೊಡುವ ಮೊದಲು ಮನೆ ನೋಡಿ



ಅಂಗವಿಕಲರಿಗೆ ವೀಲ್‌ಚೇರ್, ಟ್ರೈಸಿಕಲ್, ಊರುಗೋಲು ಹಂಚುವ ಸಮಾರಂಭಗಳು ನಮ್ಮ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಆಗಾಗ ನಡೆಯುತ್ತವೆ. ಶಾಮಿಯಾನ, ಭಾಷಣ, ಫೋಟೊ ಎಲ್ಲ ಮುಗಿದ ಮೇಲೆ ವೀಲ್‌ಚೇರ್ ಮನೆ ಸೇರುತ್ತದೆ. ಅದರ ಅಗಲ ಸುಮಾರು 65 ಸೆಂಟಿಮೀಟರ್. ಮನೆಯ ಬಚ್ಚಲ ಬಾಗಿಲು ಎರಡಡಿ, ಅಂದರೆ 61. ಇಷ್ಟೇ ಇಷ್ಟು ಜಾಗ ಸಾಲದೆ ಕುರ್ಚಿ ಜಗುಲಿಯಲ್ಲೇ ನಿಲ್ಲುತ್ತದೆ, ಬರಬರುತ್ತಾ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತದೆ. ಅದರಲ್ಲಿ ಕೂರಬೇಕಾದವರನ್ನು ಮನೆಯವರು ಹಿಂದಿನಂತೆಯೇ ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಾರೆ.

ಇಂಥ ಮನೆಗಳ ಪರವಾಗಿ ನನ್ನ ಕೋರಿಕೆ ಒಂದೇ: ಸಾಧನ ಕೊಡುವ ಮೊದಲು, ತಿಳಿದವರೊಬ್ಬರು ಆ ಮನೆಗೆ ಹೋಗಿ ನೋಡಿ ಬರಲಿ.

ಹಾಗೆ ನೋಡುವುದನ್ನೇ ವೃತ್ತಿಯಾಗಿ ಕಲಿತವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಇಷ್ಟು ವರ್ಷ ಕಳೆದರೂ ಫಿಸಿಯೋಥೆರಪಿ ಗೊತ್ತಿರುವ ಊರುಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಸೋತ ಕೈಗೆ ಬಲ ಬರಿಸಲು ಫಿಸಿಯೋಥೆರಪಿಸ್ಟ್ ದುಡಿಯುತ್ತಾರೆ. ಈಗ ಇರುವ ಬಲದಲ್ಲೇ ಉಣ್ಣುವುದು, ಉಡುವುದು, ಮೀಯುವುದು, ಕೆಲಸ ಮಾಡುವುದು ಹೇಗೆಂದು ಆಕ್ಯುಪೇಷನಲ್ ಥೆರಪಿಸ್ಟ್ ನೋಡುತ್ತಾರೆ. ಕೈಗೆ ಒಗ್ಗದ ಕೆಲಸವನ್ನು ಕೈಗೆ ಒಗ್ಗುವಂತೆ ಬದಲಿಸುತ್ತಾರೆ.

ಲಕ್ವ ಹೊಡೆದು ಎಡಗೈ ಸೋತ ಗೃಹಿಣಿಯನ್ನು ನೆನೆಯಿರಿ. ಈಳಿಗೆಮಣೆಯ ಮುಂದೆ ಕೂತರೆ ತರಕಾರಿ ಹೆಚ್ಚಲು ಎರಡೂ ಕೈ ಬೇಕು. ದಪ್ಪ ಹಲಗೆಗೆ ಕೆಳಗಿನಿಂದ ತುಕ್ಕು ಹಿಡಿಯದ ಎರಡು ಮೊಳೆ ಹೊಡೆದು, ಮೇಲೆ ಚಾಚಿದ ತುದಿಗೆ ಆಲೂಗಡ್ಡೆ ಚುಚ್ಚಿಟ್ಟರೆ ಅದು ಜಾರುವುದಿಲ್ಲ. ಹಲಗೆಯಡಿ ಒದ್ದೆ ಬಟ್ಟೆ ಹಾಸಿದರೆ ಹಲಗೆಯೂ ಸರಿಯುವುದಿಲ್ಲ. ಇನ್ನು ಬಲಗೈಯೊಂದರಿಂದಲೇ ಹೆಚ್ಚಬಹುದು. ರವಿಕೆ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಬೆರಳು ಮಡಚಲಾಗದವರ ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಹಿಡಿತ ಸಿಗುತ್ತದೆ. ಅಂಚು ಎತ್ತರವಿರುವ ತಟ್ಟೆಯಿಂದ ಸಾರನ್ನ ಹೊರಗೆ ಚೆಲ್ಲುವುದಿಲ್ಲ. ಇವಕ್ಕೆಲ್ಲ ದೊಡ್ಡ ಖರ್ಚಿಲ್ಲ. ಆದರೆ ಯಾರಿಗೆ ಯಾವುದು ಎಂದು ಹೇಳುವವರು ಬೇಕು.

ಯಾಕೆಂದರೆ ಇಲ್ಲಿ ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುವುದಿಲ್ಲ. ಕಕ್ಕಸಿನ ಗೋಡೆಗೆ ಹಿಡಿಕಂಬಿ ಹಾಕಿಸಿ, ಅದು ಸೋತ ಕೈಯ ಕಡೆಗೇ ಬಂದರೆ ಹಾಕಿಸಿಯೂ ದಂಡ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಮಲಗಿಸಿಯೇ ಉಣಿಸಿದರೆ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಬೆನ್ನಿಗೆ, ಕತ್ತಿಗೆ ಎಷ್ಟು ಆಸರೆ ಕೊಟ್ಟು ಕೂರಿಸಬೇಕೆಂಬುದು ಆ ಮಗುವನ್ನು ನೋಡಿಯೇ ತಿಳಿಯಬೇಕು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ. ಇಷ್ಟು ಜನರಿಗೆ ಹಣ ಎಲ್ಲಿಂದ ಎಂದು ಕೇಳುವವರಿಗೆ ಉತ್ತರವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪುನರ್ವಸತಿ ಸೇವೆಯನ್ನು ಸರ್ಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳಿಗೂ ಅವುಗಳ ಶಕ್ತ್ಯನುಸಾರ ವಹಿಸಿದೆ. ನಮ್ಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಊರಿನ ಮನೆಮನೆ ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂಗಳು, ಪಂಚಾಯಿತಿ ಮಟ್ಟದಲ್ಲಿ ಇದ್ದಾರೆ. ಥೆರಪಿಸ್ಟ್‌ಗಳು ಬೆಂಗಳೂರು, ಮಣಿಪಾಲದಂಥ ಕಡೆ ಹೆಚ್ಚು, ಹಳ್ಳಿಗೆ ಬರುವವರು ಅಪರೂಪ. ಈ ಇಬ್ಬರನ್ನೂ ಜೋಡಿಸುವುದೇ ಈಗ ಆಗಬೇಕಾದ ಕೆಲಸ.

ಅದಕ್ಕಾಗಿ ನಿಮ್ಮಲ್ಲಿ ಬೇಡುವುದು ಇಷ್ಟು.

ಮನೆಯಲ್ಲಿ ಅಂಗವಿಕಲರಿದ್ದರೆ, ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯ ವಿಡಿಯೊ ಮೊಬೈಲಿನಲ್ಲಿ ತೆಗೆಯಿರಿ. ಬಾಗಿಲ ಅಗಲ, ಹೊಸ್ತಿಲ ಎತ್ತರ, ಮಂಚದ ಎತ್ತರ ಟೇಪು ಹಿಡಿದು ಬರೆದಿಡಿ. ಆಸ್ಪತ್ರೆಗೆ ಹೋದಾಗ ಆಕ್ಯುಪೇಷನಲ್ ಥೆರಪಿ ವಿಭಾಗ ಇದೆಯೇ ಎಂದು ಬಾಯಿಬಿಟ್ಟು ಕೇಳಿ, ಇದ್ದರೆ ಅವನ್ನು ತೋರಿಸಿ. ಮನೆ ಕಾಣದ ಥೆರಪಿಸ್ಟ್‌ಗೂ ಇದರಿಂದ ಅರ್ಧ ಮನೆ ಕಂಡಂತಾಗುತ್ತದೆ.

ಬಾಡಿಗೆಗೆ ಮನೆ ಕೊಟ್ಟಿರುವವರೇ, ಹಿಡಿಕಂಬಿಗಾಗಿ ಗೋಡೆಗೆ ನಾಲ್ಕು ತೂತು ಕೊರೆಯಲು ಬೇಡವೆನ್ನಬೇಡಿ. ಗಾರೆ ಮೇಸ್ತ್ರಿಗಳೇ, ಇಳಿಜಾರು ಕಟ್ಟುವಾಗ ಎತ್ತರ ಒಂದಕ್ಕೆ ಉದ್ದ ಹನ್ನೆರಡು ಎಂಬ ಲೆಕ್ಕ ಬಿಡಬೇಡಿ. ಅರ್ಧ ಅಡಿ ಮೆಟ್ಟಿಲಿಗೆ ಆರಡಿ ಇಳಿಜಾರು ಬೇಕು. ಜಾಗವಿಲ್ಲವೆಂದು ಮೂರಡಿಗೆ ಮುಗಿಸಿದರೆ ಕುರ್ಚಿ ಹಿಂದಕ್ಕೆ ಮಗುಚೀತು.

ಅಂಗವಿಕಲರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಗ್ರಾಮಸಭೆಗೆ ಬನ್ನಿ. ಅಂಗವಿಕಲರ ವಿಶೇಷ ಗ್ರಾಮಸಭೆ ನಡೆದರೆ ಅಲ್ಲಿಗೂ ಬನ್ನಿ. ಹಾಸಿಗೆ ಹಿಡಿದವರು ಸಭೆಗೆ ಬರಲಾರರು, ಅವರನ್ನು ನೋಡಿಕೊಳ್ಳುವವರು ಬಿಟ್ಟು ಬರಲಾರರು. ಅವರ ಪರವಾಗಿ ಕೇಳುವ ದನಿ ನೆರೆಯವರದೇ ಆಗಬೇಕು. ಶೇ 5ರ ಹಣ ಹೋದ ವರ್ಷ ಯಾವುದಕ್ಕೆ ಖರ್ಚಾಯಿತೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಮರ್ಯಾದೆಯಿಂದ ಕೇಳಿ. ಆಮೇಲೆ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಸಿ:

“ನಮ್ಮ ಪಂಚಾಯಿತಿಯಲ್ಲಿ ಮನೆಯಲ್ಲೇ ಉಳಿದಿರುವ ಅಂಗವಿಕಲರ ಪಟ್ಟಿಯನ್ನು ವಿಆರ್‌ಡಬ್ಲ್ಯೂ ಮೂಲಕ ಮಾಡಿಸುವುದು, ಪ್ರತಿ ಮನೆಯನ್ನೂ ಆಕ್ಯುಪೇಷನಲ್ ಥೆರಪಿಸ್ಟ್ ಖುದ್ದಾಗಿ ಇಲ್ಲವೇ ವಿಡಿಯೊ ಕರೆಯಲ್ಲಿ ನೋಡುವಂತೆ ಏರ್ಪಾಡು ಮಾಡುವುದು, ಅವರು ಸೂಚಿಸಿದ ಹಿಡಿಕಂಬಿ, ಇಳಿಜಾರು, ಬಾಗಿಲು, ಕಮೋಡು ಕೆಲಸಗಳಿಗೆ ಶೇ 5ರ ಹಣದಿಂದ ಮೊದಲು ಕೊಡುವುದು.”

ಓದಿ ಹೇಳಿಸಿಕೊಂಡು, ಸಹಿ ಹಾಕಿ. ಮುಂದಿನ ಸಭೆಯಲ್ಲಿ ಎಷ್ಟು ಮನೆ ಆಯಿತೆಂದು ಕೇಳಿ.