ಪಿಸುಮಾತಿನ ಗುಮ್ಮಟದಲ್ಲಿ ಕೂಗಾಟವೇಕೆ?

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರ. ಉತ್ತರ ಕರ್ನಾಟಕದತ್ತ ಹೊರಟ ಬಸ್ಸುಗಳು ವಿಜಯಪುರಕ್ಕೆ (2014ರವರೆಗೆ ಬಿಜಾಪುರ) ಕೊಡುವುದು ಹೆಚ್ಚೆಂದರೆ ಒಂದು ಹಗಲು. ಸಂಜೆಯೊಳಗೆ ಆಲಮಟ್ಟಿಯ ಕಾರಂಜಿ ನೋಡಬೇಕಲ್ಲ! ಶಿಕ್ಷಕನಾಗಿ ಹಲವು ಸಲ ಮಕ್ಕಳೊಡನೆ ಅಲ್ಲಿಗೆ ಹೋಗಿಬಂದ ನನಗೆ, ಇದು ಪ್ರವಾಸವಲ್ಲ, ಹಾಜರಿ ಹಾಕಿ ಬರುವ ಶಾಸ್ತ್ರವೆಂದೇ ಅನ್ನಿಸಿದೆ.

ಗೋಳಗುಮ್ಮಟವನ್ನೇ ನೋಡಿ. ಅದು 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಶಾಹನ ಸಮಾಧಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟಕ್ಕೆ ಒಳಗೆ ಆಸರೆಯಾಗಿ ಒಂದು ಕಂಬವೂ ಇಲ್ಲ. ಚೌಕದ ಮೇಲೆ ವೃತ್ತ ನಿಂತದ್ದು ಹೇಗೆ? ಒಂದನ್ನೊಂದು ಛೇದಿಸುವ ಕಮಾನುಗಳು ಚೌಕವನ್ನು ಅಷ್ಟಕೋನವಾಗಿಸಿ, ಭಾರವನ್ನು ಗೋಡೆಗಳಿಗೆ ಒಪ್ಪಿಸುತ್ತವೆ. ತಿಂಗಳುಗಟ್ಟಲೆ ಕಪ್ಪುಹಲಗೆಯ ಮೇಲೆ ತಿಣುಕುವ ರೇಖಾಗಣಿತ ಅಲ್ಲಿ ತಲೆಯೆತ್ತಿದರೆ ಕಾಣುತ್ತದೆ. ಆದರೆ ತಲೆಯೆತ್ತಲು ಬಿಡುವೆಲ್ಲಿ? ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದ ಮಕ್ಕಳು, ಪಿಸುಮಾತಿನ ಗ್ಯಾಲರಿ ಸೇರಿದೊಡನೆ ಕಿರುಚತೊಡಗುತ್ತಾರೆ. ಗೋಡೆಗೆ ತುಟಿ ಹಚ್ಚಿ ಉಸುರಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಎದುರು ಬದಿಯವನ ಕಿವಿಗೆ ಮುಟ್ಟುತ್ತದೆ. ಆ ಸೋಜಿಗಕ್ಕೆ ಬೇಕಾದುದು ಮೌನ. ಇನ್ನೂರು ಕಂಠಗಳ ಗದ್ದಲದಲ್ಲಿ ಗುಮ್ಮಟವು ಗದ್ದಲವನ್ನೇ ಮರಳಿಸುತ್ತದೆ. ಮಕ್ಕಳನ್ನು ದೂರಲಾರೆ; ಮೊದಲು ಕೂಗಿ ತೋರಿಸುವವರು ಬಹುತೇಕ ಹಿರಿಯರೇ!

ನನ್ನ ಸಲಹೆ ಇಷ್ಟೆ. ಬೆಳಿಗ್ಗೆ ಬಾಗಿಲು ತೆರೆದೊಡನೆ, ಮೂವತ್ತು ಮಂದಿಯ ತಂಡಗಳಾಗಿ ಮೇಲೆ ಹೋಗಲಿ. ಐದು ನಿಮಿಷ ಯಾರೂ ಮಾತನಾಡದಿರಲಿ. ಬಳಿಕ ಒಬ್ಬ ಪಿಸುಗುಡಲಿ, ಒಬ್ಬಳು ಕೇಳಿದ್ದನ್ನು ಹೇಳಲಿ.

ಉಳಿದ ಹಗಲಿಗೆ ಎರಡೇ ತಾಣ ಸಾಕು. ಮೊದಲನೆಯದು ಇಬ್ರಾಹಿಂ ರೋಜಾ. ಗಾತ್ರದಲ್ಲಿ ಚಿಕ್ಕದಾದರೂ ಕಲ್ಲಿನ ಕುಸುರಿಯಲ್ಲಿ ಗೋಳಗುಮ್ಮಟಕ್ಕಿಂತ ಬಹಳ ಮೇಲು, ಇದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಗೀತಸಂಕಲನ ರಚಿಸಿ ಸರಸ್ವತಿಯನ್ನು ಸ್ತುತಿಸಿದ ಅರಸ. ಪಠ್ಯಪುಸ್ತಕದಲ್ಲಿ ಯುದ್ಧದ ಇಸವಿಗಳನ್ನಷ್ಟೇ ಉರುಹೊಡೆದ ಮಕ್ಕಳಿಗೆ ಇದನ್ನು ಆ ಅಂಗಳದಲ್ಲಿ ಕೂರಿಸಿಯೇ ಹೇಳಬೇಕು.

ಎರಡನೆಯದು ತಾಜ್ ಬಾವಡಿ. ಇಲ್ಲಿ ಪ್ರವಾಸದ ಬಸ್ಸು ನಿಲ್ಲುವುದೇ ಅಪರೂಪ. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಕೆರೆಯಂಥ ಬಾವಿ ಇದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬಾವಡಿಗಳನ್ನು ತೋಡಿ, ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದದ್ದರಿಂದಲೇ ರಾಜಧಾನಿ ಬದುಕಿತು. ಗುಮ್ಮಟ ಕಟ್ಟಿದವರೂ ನೀರು ಕುಡಿಯಲೇಬೇಕಿತ್ತಲ್ಲವೇ? ಮಕ್ಕಳು ಆ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚುವ ಮೊದಲು, ತಮ್ಮೂರಿನ ಹಳೆಯ ಬಾವಿ ಈಗ ಏನಾಗಿದೆಯೆಂದು ಒಬ್ಬೊಬ್ಬರನ್ನೂ ಕೇಳಿ ನೋಡಿ. ಆಲಮಟ್ಟಿಗೆ ತಲುಪುವುದು ತಡವಾದರೆ ಆಗಲಿ.