‘ಬಂದಿಲ್ಲ’ ಬೇರೆ, ‘ಬರಲಿಲ್ಲ’ ಬೇರೆ

ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮನ್ನು ಹೆಚ್ಚು ಹೆದರಿಸುವುದು ಯಾವುದು ಎಂದು ಕೇಳಿದರೆ ಬಹಳಷ್ಟು ಗೆಳೆಯರು ‘ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್’ ಎನ್ನುತ್ತಾರೆ. ಸೂತ್ರ ಎಲ್ಲರಿಗೂ ಬಾಯಿಪಾಠ: ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ. ಗೋ, ವೆಂಟ್, ಗಾನ್; ಈಟ್, ಏಟ್, ಈಟನ್ ಎಂದು ಹೈಸ್ಕೂಲಿನಿಂದಲೇ ಹೇಳಿಕೊಂಡು ಬಂದಿದ್ದೇವೆ. ಆದರೆ ಎಲ್ಲಿ ‘ವೆಂಟ್’, ಎಲ್ಲಿ ‘ಹ್ಯಾಸ್ ಗಾನ್’ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಟೆನ್ಸ್ ನಮಗೆ ಹೊಸದಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ದಿನವೂ ಬಳಸುತ್ತಿದ್ದೇವೆ. ಇಂಗ್ಲಿಷ್ ಪಾಠ ಅಲ್ಲಿಂದ ಶುರುವಾಗಬೇಕು.

ಹಾಜರಿಯ ಹೊತ್ತನ್ನೇ ನೋಡಿ. ಪಕ್ಕದವನ ಹೆಸರು ಕರೆದಾಗ ನಾವು ‘ಅವನು ಬಂದಿಲ್ಲ ಸರ್’ ಎನ್ನುತ್ತೇವೆ. ಅದೇ ಮೊನ್ನೆಯ ಟೆಸ್ಟಿನ ಬಗ್ಗೆ ಕೇಳಿದರೆ ‘ಅವನು ಅವತ್ತು ಬರಲಿಲ್ಲ ಸರ್’ ಎನ್ನುತ್ತೇವೆ. ಎರಡೂ ಒಂದೇ ಅಲ್ಲ. ‘ಬಂದಿಲ್ಲ’ ಎಂದಾಗ ದಿನ ಇನ್ನೂ ಮುಗಿದಿಲ್ಲ, ಎರಡನೇ ಪೀರಿಯಡ್ಡಿಗೆ ಅವನು ಬಂದರೂ ಬರಬಹುದು. ‘ಬರಲಿಲ್ಲ’ ಎಂದಾಗ ಆ ದಿನ ಮುಗಿದುಹೋಗಿದೆ, ಬಾಗಿಲು ಮುಚ್ಚಿದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಹಿ ಹ್ಯಾಸ್ ನಾಟ್ ಕಮ್’, ಎರಡನೆಯದು ‘ಹಿ ಡಿಡ್ ನಾಟ್ ಕಮ್’. ಈ ವ್ಯತ್ಯಾಸವನ್ನು ನಮಗೆ ಯಾರೂ ಸೂತ್ರ ಹಾಕಿ ಕಲಿಸಲಿಲ್ಲ. ನಾಲ್ಕು ವರ್ಷದ ಮಗುವಿಗೂ ಅದು ಗೊತ್ತು.

‘ಬಂದಿದ್ದೇನೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಗುಟ್ಟು ಸಿಗುತ್ತದೆ: ‘ಬಂದು’ ಮತ್ತು ‘ಇದ್ದೇನೆ’. ಬಂದದ್ದು ಹಿಂದೆ, ಇರುವುದು ಈಗ. ಇಂಗ್ಲಿಷಿನ ‘ಐ ಹ್ಯಾವ್ ಕಮ್’ ಕೂಡ ಹೀಗೆಯೇ. ‘ಹ್ಯಾವ್’ ಎಂಬುದು ವರ್ತಮಾನದ ಪದ, ‘ಕಮ್’ ಮುಗಿದ ಕೆಲಸ. ನಾವು ‘ಇರು’ ಹಚ್ಚುವಲ್ಲಿ ಅವರು ‘ಹ್ಯಾವ್’ ಹಚ್ಚುತ್ತಾರೆ. ಹಳೆಯ ಇಂಗ್ಲಿಷಿನಲ್ಲಂತೂ ಬರುವ, ಹೋಗುವ ಕ್ರಿಯೆಗಳಿಗೆ ‘ಹಿ ಈಸ್ ಕಮ್’ ಎಂದು ನಮ್ಮಂತೆಯೇ ‘ಇರು’ ಹಚ್ಚುವ ಪದ್ಧತಿ ಇತ್ತು. ಹಾಗಾಗಿಯೇ ಇದರ ಹೆಸರಿನಲ್ಲಿ ‘ಪ್ರೆಸೆಂಟ್’ ಎಂಬ ಮಾತಿದೆ. ಕೆಲಸ ನಿನ್ನೆಯದಾದರೂ ಮಾತು ಇವತ್ತಿನದು. ‘ಪೆನ್ ಕಳೆದುಕೊಂಡಿದ್ದೇನೆ’ ಎಂದರೆ ಪೆನ್ ಈಗಲೂ ಕೈಯಲ್ಲಿಲ್ಲ, ದಯವಿಟ್ಟು ಒಂದು ಕೊಡಿ ಎಂದರ್ಥ.

ಮನೆಯಲ್ಲಿ ಉರ್ದು ಮಾತನಾಡುವವರಿಗೂ ಇದು ಗೊತ್ತು. ‘ಅಬ್ಬಾ ಆಯೇ’ ಎಂಬುದಕ್ಕೂ ‘ಅಬ್ಬಾ ಆಯೇ ಹೈಂ’ ಎಂಬುದಕ್ಕೂ ಇರುವ ಅಂತರ ಆ ಕೊನೆಯ ‘ಹೈಂ’ನಲ್ಲಿದೆ. ಅದೂ ‘ಇದ್ದಾರೆ’ ಎಂಬ ವರ್ತಮಾನದ ಪದವೇ. ಅರೇಬಿಕ್ ತೆಗೆದುಕೊಂಡವರು ಭೂತಕಾಲದ ಕ್ರಿಯಾಪದದ ಹಿಂದೆ ‘ಕದ್’ ಬಂದರೆ ಆ ಕೆಲಸ ಈಗಿನ ಹೊತ್ತಿಗೆ ಹತ್ತಿರವಾಗುತ್ತದೆ, ಖಚಿತವಾಗುತ್ತದೆ ಎಂದು ಓದಿರುತ್ತಾರೆ. ಇಕಾಮತ್‌ನಲ್ಲಿ ‘ಕದ್ ಕಾಮತಿಸ್ಸಲಾಹ್’ ಕೇಳಿದ ಕೂಡಲೇ ನಾವು ಎದ್ದು ಸಾಲು ಸರಿಮಾಡಿಕೊಳ್ಳುತ್ತೇವೆ. ಎಂದೋ ನಡೆದ ಸುದ್ದಿ ಅದಲ್ಲ, ಈಗಲೇ ನಮಗೆ ಸಂಬಂಧಿಸಿದ್ದು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರಿ, ನವಾಯತಿ, ತುಳು ಮನೆಮಾತಿನವರು ತಮ್ಮ ಭಾಷೆಯಲ್ಲಿ ‘ಬಂದ’ ಮತ್ತು ‘ಬಂದಿದ್ದಾನೆ’ ಎಂದು ಹೇಗೆ ಹೇಳುತ್ತಾರೆಂದು ಇವತ್ತೇ ಮನೆಯಲ್ಲಿ ಗಮನಿಸಿ.

ಹಾಗಾದರೆ ತಪ್ಪುಗಳು ಎಲ್ಲಿಂದ ಬರುತ್ತವೆ? ನಮ್ಮ ಭಾಷೆಯೂ ಇಂಗ್ಲಿಷೂ ದಾರಿ ಬದಲಿಸುವ ಕಡೆಯಿಂದ. ಅಂಥ ತಿರುವುಗಳು ಹೆಚ್ಚಿಲ್ಲ. ಮುಖ್ಯವಾದವು ಮೂರು.

ಮೊದಲನೆಯದು ‘ನಿನ್ನೆ’. ಆಫೀಸಿನ ಕೌಂಟರಿನಲ್ಲಿ ನಾವು ‘ನಿನ್ನೆಯೇ ಫೀಸ್ ಕಟ್ಟಿದ್ದೇನೆ’ ಎನ್ನುತ್ತೇವೆ. ಕನ್ನಡದಲ್ಲಿ ಅದು ಸರಿ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2023ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಜಾಗ ಬಿಡಬೇಕು. ‘ಐ ಪೇಯ್ಡ್ ದ ಫೀಸ್ ಎಸ್ಟರ್ಡೇ’ ಎನ್ನಬೇಕು. ದಿನ ಹೇಳದಿದ್ದರೆ ‘ಐ ಹ್ಯಾವ್ ಪೇಯ್ಡ್ ದ ಫೀಸ್’ ಸರಿ.

ಎರಡನೆಯದು ‘ಇಂದ’. ‘ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎನ್ನುತ್ತೇವೆ. ಇಲ್ಲಿ ಕನ್ನಡಕ್ಕೆ ವರ್ತಮಾನವೇ ಸಾಕು, ಇಂಗ್ಲಿಷಿಗೆ ಸಾಲದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಬೇಕು. ನಮ್ಮ ಒಂದೇ ‘ಇಂದ’ ಅಲ್ಲಿ ಎರಡಾಗುತ್ತದೆ: ಶುರುವಾದ ಹೊತ್ತಿಗೆ ‘ಸಿನ್ಸ್’, ಕಳೆದ ಅವಧಿಯ ಉದ್ದಕ್ಕೆ ‘ಫಾರ್’. ಜೂನ್‌ನಿಂದ ಎಂದರೆ ಸಿನ್ಸ್, ಆರು ತಿಂಗಳಿನಿಂದ ಎಂದರೆ ಫಾರ್.

ಮೂರನೆಯದು ‘ಹೋಗಿದ್ದಾರೆ’. ‘ಮಾಮ ದುಬೈಗೆ ಹೋಗಿದ್ದಾರೆ’ ಎಂದರೆ ಅವರು ಈಗ ಅಲ್ಲಿದ್ದಾರೋ, ಒಮ್ಮೆ ಹೋಗಿ ಬಂದು ಈಗ ಊರಿನಲ್ಲಿದ್ದಾರೋ ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷ್ ಇಲ್ಲಿ ಖಂಡಿತವಾದಿ. ಅಲ್ಲೇ ಇದ್ದರೆ ‘ಹ್ಯಾಸ್ ಗಾನ್ ಟು ದುಬೈ’, ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್ ಟು ದುಬೈ’. ಗಲ್ಫ್‌ನಲ್ಲಿ ನೆಂಟರಿಲ್ಲದ ಮನೆ ನಮ್ಮಲ್ಲಿ ಕಡಿಮೆ, ಈ ಉದಾಹರಣೆ ಮರೆಯುವ ಭಯವಿಲ್ಲ.

ಈ ಮೂರನ್ನು ಒಂದು ಪೀರಿಯಡ್ಡಿನಲ್ಲಿ ಹೇಳಿ ಮುಗಿಸಬಹುದು. ಆದರೆ ನಾವು ಕಲಿಯುವ ರೀತಿ ಬೇರೆ. ಆವರಣದೊಳಗೆ ಕೊಟ್ಟ ಕ್ರಿಯಾಪದದ ಸರಿಯಾದ ರೂಪ ಬರೆಯಿರಿ ಎಂಬ ಪ್ರಶ್ನೆಗಾಗಿ ಗುರುತಿನ ಪದಗಳನ್ನು ಹುಡುಕಲು ಕಲಿಯುತ್ತೇವೆ. ವಾಕ್ಯದಲ್ಲಿ ‘ಆಲ್ರೆಡಿ’, ‘ಜಸ್ಟ್’, ‘ಯೆಟ್’ ಕಂಡರೆ ಕಣ್ಣುಮುಚ್ಚಿ ‘ಹ್ಯಾಸ್’ ಹಾಕು ಎಂಬುದು ಉಪಾಯ. ಅಂಕ ಬರುತ್ತದೆ, ಭಾಷೆ ಬರುವುದಿಲ್ಲ. ಕಿಟಕಿಯ ಗಾಜಿನ ಚೂರು ತೋರಿಸಿ ‘ಯಾರೋ ಒಡೆದಿದ್ದಾರೆ’ ಎನ್ನುವಾಗ ಯಾವ ಗುರುತಿನ ಪದವೂ ಇರುವುದಿಲ್ಲ, ಆದರೂ ಅಲ್ಲಿ ‘ಹ್ಯಾಸ್ ಬ್ರೋಕನ್’ ಬೇಕು. ಅಮೆರಿಕದವರು ‘ಐ ಆಲ್ರೆಡಿ ಏಟ್’ ಎಂದೂ ಧಾರಾಳವಾಗಿ ಹೇಳುತ್ತಾರೆ. ಗುರುತಿನ ಪದ ಕೈಕೊಡಬಹುದು, ಅರ್ಥ ಕೈಕೊಡುವುದಿಲ್ಲ.

ಇಂಗ್ಲಿಷ್ ತರಗತಿಗೆ ಕನ್ನಡ, ಉರ್ದು ತಂದರೆ ವಿದ್ಯಾರ್ಥಿಗಳು ಎಂದಿಗೂ ಇಂಗ್ಲಿಷಿನಲ್ಲಿ ಯೋಚಿಸುವುದಿಲ್ಲ ಎಂಬ ಆಕ್ಷೇಪ ಇದೆ. ಅದರಲ್ಲಿ ಸತ್ಯ ಇಲ್ಲವೆಂದಲ್ಲ. ಪಾಠವೆಲ್ಲ ಅನುವಾದದಲ್ಲೇ ಮುಗಿದರೆ ಕಿವಿಗೆ ಇಂಗ್ಲಿಷ್ ಬೀಳುವುದೇ ಇಲ್ಲ, ನಾಲಿಗೆ ತಿರುಗುವುದೂ ಇಲ್ಲ. ಆದರೆ ನಾನು ಕೇಳುತ್ತಿರುವುದು ಅನುವಾದವನ್ನಲ್ಲ, ಹೋಲಿಕೆಯನ್ನು. ಹತ್ತು ನಿಮಿಷ ಬೋರ್ಡಿನ ಮೇಲೆ ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸಿದರೆ ಉಳಿದ ಮೂವತ್ತೈದು ನಿಮಿಷ ಧೈರ್ಯವಾಗಿ ಇಂಗ್ಲಿಷಿನಲ್ಲೇ ಮಾತನಾಡಬಹುದು. ಈಗ ನಡೆಯುತ್ತಿರುವುದು ಇಂಗ್ಲಿಷಿನಲ್ಲಿ ಯೋಚಿಸುವುದಲ್ಲ, ಇಂಗ್ಲಿಷ್ ಎಂದರೆ ಬಾಯಿ ಮುಚ್ಚಿ ಕೂರುವುದು.

ಆ ಮೌನವೇ ದೊಡ್ಡ ನಷ್ಟ. ಹತ್ತನೇ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದವರಲ್ಲಿ ಅನೇಕರು ಫಿಸಿಕ್ಸ್‌ನ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಅಕೌಂಟೆನ್ಸಿಯಲ್ಲಿ ಸಂಶಯ ಬಂದರೂ ಕೇಳುವುದಿಲ್ಲ. ಹ್ಯಾವ್, ಹ್ಯಾಡ್ ತಪ್ಪಿದರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ ಎಂಬ ಅಂಜಿಕೆ. ತಮಗೆ ವ್ಯಾಕರಣವೇ ಹತ್ತುವುದಿಲ್ಲ ಎಂದು ಅವರು ನಂಬಿಬಿಟ್ಟಿರುತ್ತಾರೆ. ಎರಡು, ಮೂರು ಭಾಷೆಗಳ ಕಾಲಗಳನ್ನು ತಪ್ಪಿಲ್ಲದೆ ಬಳಸುವವರಿಗೆ ವ್ಯಾಕರಣ ಹತ್ತುವುದಿಲ್ಲ ಎಂದರೆ ಹೇಗೆ ಒಪ್ಪುವುದು?

ಉಪನ್ಯಾಸಕರಲ್ಲಿ ನನ್ನ ವಿನಂತಿ ಚಿಕ್ಕದು. ಮುಂದಿನ ಬಾರಿ ಈ ಟೆನ್ಸ್ ಮಾಡುವಾಗ ಸೂತ್ರಕ್ಕೆ ಮೊದಲು ‘ಬಂದಿಲ್ಲ’, ‘ಬರಲಿಲ್ಲ’ ಎಂಬ ಎರಡು ಪದ ಬೋರ್ಡಿನ ಮೇಲೆ ಬರೆದು ವ್ಯತ್ಯಾಸವೇನೆಂದು ನಮ್ಮನ್ನೇ ಕೇಳಿ. ಗೆಳೆಯರಲ್ಲೂ ಒಂದು ಮಾತು. ಯಾರಾದರೂ ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್ಡೇ’ ಎಂದರೆ ನಗಬೇಡಿ. ಅವನಿಗೆ ಅರ್ಧ ಆಗಲೇ ಬಂದಿದೆ. ‘ನಿನ್ನೆ’ ಎಂದರೆ ‘ಹ್ಯಾವ್’ ಬೇಡ ಎಂದು ಮೆಲ್ಲಗೆ ಹೇಳಿ. ಉಳಿದರ್ಧವೂ ಬಂದುಬಿಡುತ್ತದೆ.