ಮುಚ್ಚಿದೆ

ನಲ್ಲಿಯನ್ನು ತಿರುಗಿಸಿದಾಗ ನೀರು ಬಂದರೆ ನಮಗೆ ಸಂತೋಷ, ಬಾರದಿದ್ದರೆ ಗೊಣಗಾಟ. ಇವೆರಡನ್ನು ಬಿಟ್ಟು ಅದರ ವಿಚಾರವಾಗಿ ಮೂರನೆಯದನ್ನು ನಾವು ಯೋಚಿಸುವುದಿಲ್ಲ. ಕಾರ್ಖಾನೆಗಳಲ್ಲಿ ಈ ನಲ್ಲಿಗೆ ದೊಡ್ಡಣ್ಣಂದಿರಿದ್ದಾರೆ. ಉಗಿಯಾಗಲಿ, ಎಣ್ಣೆಯಾಗಲಿ, ಆಮ್ಲವಾಗಲಿ, ಹಾಲಾಗಲಿ, ಕೊಳವೆಯಲ್ಲಿ ಅದು ಎಷ್ಟು ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಇವರ ಅಧೀನ. ಇಂಜಿನಿಯರರು ‘ಕಂಟ್ರೋಲ್ ವಾಲ್ವ್’ ಎನ್ನುವ ಇದನ್ನು ನಾವು ನಿಯಂತ್ರಣ ಕವಾಟವೆಂದು ಕರೆಯೋಣ.

ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಕೆರೆಗಳ ತೂಬು ಇದೇ ವಂಶದ್ದು. ನೀರುಗಂಟಿಯಾದವನು ಗದ್ದೆಗಳನ್ನು ನೋಡಿ ಬಂದು, ಎಷ್ಟು ನೀರು ಸಾಕೆಂದು ಅಂದಾಜು ಮಾಡಿ, ತೂಬನ್ನು ತೆರೆಯುತ್ತಿದ್ದ ಇಲ್ಲವೆ ಮುಚ್ಚುತ್ತಿದ್ದ. ಕಾರ್ಖಾನೆಯಲ್ಲಿ ಅವನ ಕೆಲಸವನ್ನು ಮೂವರಿಗೆ ಹಂಚಿದ್ದಾರೆ: ನೋಡುವುದು ಮಾಪಕ, ಲೆಕ್ಕ ಹಾಕುವುದು ನಿಯಂತ್ರಕ, ತೆರೆದು ಮುಚ್ಚುವುದು ಕವಾಟ. ಕವಾಟದ ತಲೆಯ ಮೇಲೆ ಅಣಬೆಯಂತಹ ಒಂದು ಪೆಟ್ಟಿಗೆಯಿರುವುದುಂಟು. ಒಳಗೆ ರಬ್ಬರಿನ ಪೊರೆ ಮತ್ತು ಸ್ಪ್ರಿಂಗು. ಒತ್ತಡದ ಗಾಳಿ ಪೊರೆಯನ್ನು ತಳ್ಳಿದರೆ ದಂಡ ಸರಿಯುತ್ತದೆ. ಗಾಳಿ ಹೋದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ.

ಕವಾಟವನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಜಾತಿ. ಗೇಟ್ ಕವಾಟ ಪೂರ್ತಿ ತೆರೆಯಲು, ಪೂರ್ತಿ ಮುಚ್ಚಲು ಯೋಗ್ಯ. ಅರೆತೆರೆದು ಇಟ್ಟರೆ ರಭಸದ ಹರಿವು ಅದರ ಅಂಚನ್ನೇ ಸವೆಸುತ್ತದೆ. ಹರಿವನ್ನು ಹದವಾಗಿ ಏರಿಸಿ ಇಳಿಸಲು ಗ್ಲೋಬ್ ಕವಾಟವೇ ಬಹುಕಾಲದ ನಂಬುಗೆಯ ಆಳು. ದೊಡ್ಡ ಕೊಳವೆಗೆ, ಸಾಧಾರಣ ಒತ್ತಡಕ್ಕೆ ಚಿಟ್ಟೆಯ ರೆಕ್ಕೆಯಂತೆ ತಿರುಗುವ ಬಟರ್‌ಫ್ಲೈ ಕವಾಟ ಅಗ್ಗವೂ ಹಗುರವೂ ಹೌದು.

ಎರಡನೆಯದು ಅಳತೆ. ಆರಂಗುಲದ ಕೊಳವೆಗೆ ಆರಂಗುಲದ ಕವಾಟ ಎಂಬುದು ಸಹಜವಾದ ಆಲೋಚನೆ, ಆದರೆ ಅನೇಕ ವೇಳೆ ತಪ್ಪು. ಹುಡುಗ ಬೆಳೆಯುತ್ತಾನೆಂದು ದೊಡ್ಡ ಅಂಗಿ ಹೊಲಿಸುವ ನ್ಯಾಯ ಇಲ್ಲಿ ನಡೆಯದು. ಅತಿ ದೊಡ್ಡ ಕವಾಟ ಸದಾ ಮುಚ್ಚುವ ಅಂಚಿನಲ್ಲೇ ತಡವರಿಸುತ್ತ, ಕೂದಲೆಳೆಯಷ್ಟು ಸರಿದರೂ ಹರಿವನ್ನು ಎತ್ತೆತ್ತಲೋ ಒಯ್ಯುತ್ತದೆ. ಆದ್ದರಿಂದ ಕೊಳವೆಯ ಅಗಲವನ್ನಲ್ಲ, ಕವಾಟದ ಸಾಮರ್ಥ್ಯವನ್ನು ನೋಡಬೇಕು. 1 ಬಾರ್ ಒತ್ತಡದ ವ್ಯತ್ಯಾಸವಿದ್ದಾಗ ಪೂರ್ತಿ ತೆರೆದ ಕವಾಟದ ಮೂಲಕ ಗಂಟೆಗೆ ಎಷ್ಟು ಘನಮೀಟರ್ ನೀರು ಹಾಯುತ್ತದೆ ಎಂಬುದೇ ಆ ಸಾಮರ್ಥ್ಯದ ಅಂಕಿ. ಇಕ್ಕಟ್ಟಿನಲ್ಲಿ ನುಗ್ಗುವ ನೀರಿನ ಒತ್ತಡ ತೀರ ಕುಸಿದರೆ ಅಲ್ಲಿಯೇ ಆವಿಯ ಗುಳ್ಳೆಗಳೆದ್ದು, ಮುಂದೆ ಒತ್ತಡ ಮರಳಿದೊಡನೆ ಒಡೆದು, ಗಟ್ಟಿ ಲೋಹವನ್ನೂ ಕೊರೆಯುತ್ತವೆ. ಕೊಳವೆಯಲ್ಲಿ ಜಲ್ಲಿಕಲ್ಲು ಉರುಳಿದಂತೆ ಸದ್ದಾದರೆ ಇದೇ ರೋಗವೆಂದು ಅನುಭವಿಗಳು ಶಂಕಿಸುತ್ತಾರೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಗಾಳಿಯೋ ವಿದ್ಯುತ್ತೋ ಕೈಕೊಟ್ಟಾಗ ಕವಾಟ ಯಾವ ಕಡೆಗೆ ಹೋಗಬೇಕು? ಕುಲುಮೆಗೆ ಎಣ್ಣೆ ಕೊಡುವ ಕವಾಟ ತಾನಾಗಿ ಮುಚ್ಚಬೇಕು. ಕಾದ ಯಂತ್ರಕ್ಕೆ ತಣ್ಣೀರು ಕೊಡುವುದು ತಾನಾಗಿ ತೆರೆಯಬೇಕು. ಇದನ್ನು ಕೊಳ್ಳುವ ಮೊದಲೇ ನಿಶ್ಚಯಿಸಬೇಕು.

ಇಷ್ಟೆಲ್ಲ ಆದರೂ ಒಂದು ಸಂಗತಿ ಉಳಿಯುತ್ತದೆ. ‘ಮುಚ್ಚಿದೆ’ ಎಂಬ ನಮ್ಮ ಮಾತಿಗೆ ಎರಡು ಅರ್ಥ: ‘ನಾನು ಮುಚ್ಚಿದೆ’ ಎಂಬುದೊಂದು, ‘ಅದು ಮುಚ್ಚಿದೆ’ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಾಗಿಲ್ಲ.

1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಥ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದ ಎರಡನೆಯ ಘಟಕದಲ್ಲಿ ನಡೆದದ್ದು ಇದೇ. ಒತ್ತಡ ಹೆಚ್ಚಿದಾಗ ಅದನ್ನು ಇಳಿಸುವ ಕವಾಟವೊಂದು ತೆರೆಯಿತು. ಒತ್ತಡ ಇಳಿದ ಮೇಲೆ ಮುಚ್ಚಬೇಕಾಗಿದ್ದುದು ಮುಚ್ಚದೆ ಸಿಕ್ಕಿಕೊಂಡಿತು. ಆದರೆ ನಿಯಂತ್ರಣ ಕೊಠಡಿಯಲ್ಲಿ ಅದರ ದೀಪ ಆರಿತು. ಆ ದೀಪ ಹೇಳುತ್ತಿದ್ದುದು ‘ಮುಚ್ಚೆಂದು ಆಜ್ಞೆ ಹೋಗಿದೆ’ ಎಂಬುದನ್ನು ಮಾತ್ರ. ನೋಡಿದವರು ಅರ್ಥ ಮಾಡಿಕೊಂಡದ್ದು ‘ಕವಾಟ ಮುಚ್ಚಿದೆ’ ಎಂದು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಸೋರಿಹೋಯಿತು. ಬೇರೆ ಮಾಪಕವೂ ದಾರಿತಪ್ಪಿಸಿದ್ದರಿಂದ, ನೀರು ಹೆಚ್ಚಾಗಿದೆಯೆಂದು ನಂಬಿ, ತುರ್ತು ನೀರಿನ ಪೂರೈಕೆಯನ್ನೂ ಅವರೇ ತಗ್ಗಿಸಿದರು. ರಿಯಾಕ್ಟರಿನ ಗರ್ಭದ ಸುಮಾರು ಅರ್ಧಭಾಗ ಕರಗಿತು. ಆ ಘಟಕ ಮತ್ತೆಂದೂ ನಡೆಯಲಿಲ್ಲ.

ಅಲ್ಲಿ ಕೆಟ್ಟದ್ದು ಹರಿವನ್ನು ಹದಗೊಳಿಸುವ ಕವಾಟವಲ್ಲ, ರಕ್ಷಣೆಯ ಕವಾಟ. ಪಾಠ ಮಾತ್ರ ಎರಡಕ್ಕೂ ಸಮಾನ. ಅನಂತರ ಅಮೆರಿಕದ ಪರಮಾಣು ಸ್ಥಾವರಗಳಲ್ಲಿ ಇಂತಹ ಕವಾಟಗಳ ನಿಜವಾದ ಸ್ಥಿತಿಯನ್ನೇ ತಿಳಿಸುವ ಏರ್ಪಾಡು ಕಡ್ಡಾಯವಾಯಿತು. ಆಜ್ಞೆಯನ್ನು ಪಾಲಿಸುವುದರ ಜೊತೆಗೆ, ಪಾಲಿಸಿದೆನೋ ಇಲ್ಲವೋ ಎಂಬುದನ್ನು ಹೇಳಬಲ್ಲ ಕವಾಟವನ್ನು ಆರಿಸುವುದೇ ಜಾಣತನ.

ರಾತ್ರಿ ಮಲಗುವ ಮುನ್ನ ಮನೆಯಾಕೆ “ಗ್ಯಾಸ್ ಮುಚ್ಚಿದೆಯೇ?” ಎಂದು ಕೇಳಿದರೆ, ಹಾಸಿಗೆಯಿಂದಲೇ ಉತ್ತರ ಕೊಡಬೇಡಿ. ಎದ್ದು ಹೋಗಿ ನೋಡಿ ಹೇಳಿ.